ಕರಡಿಯ ಪಾದದಡಿಯ ಗೀರು

೯ ಫೆಬ್ರವರಿ, ಗುರುವಾರ

ಈ ಹಾಳು ಪೆನ್ನಿಗೆ ಏನು ಬಂದಿದೆಯೋ, ಬರೆದದ್ದೆಲ್ಲ ಮಸಿಮಸಿ. ಇರಲಿ, ತಲೆ ಕೊರೆಯುತ್ತಿರುವುದು ಪೆನ್ನಲ್ಲ, ಕರಡಿ.

ಪ್ರಾಂತ್ಯಗಳ ಲಾಂಛನಗಳಿರುವ ಅಂಚೆಚೀಟಿ ಸರಣಿಯಲ್ಲಿ ಈ ಕರಡಿಯೇ ಕೊನೆಯದು. ಮಿಕ್ಕವನ್ನೆಲ್ಲ ಗುರುಗಳು ಕೆತ್ತಿದ್ದರು. ಅವರು ತೀರಿಕೊಂಡ ಮೇಲೆ ಇದೊಂದು ನನ್ನ ಪಾಲಿಗೆ ಬಂತು. ಇವತ್ತು ಮೊದಲ ಅಚ್ಚು ತೆಗೆದರು. ಭೂತಗನ್ನಡಿ ಹಿಡಿದು ನೋಡಿದರೆ, ಕರಡಿಯ ಪಾದದ ಕೆಳಗೆ ಹುಲ್ಲಿನ ನಡುವೆ ಕೂದಲೆಳೆಯಂಥ ಗೀರು. ಗುರುಗಳು ತಮ್ಮ ಪ್ರತಿ ಕೆಲಸದಲ್ಲೂ ಕದ್ದು ಇಡುತ್ತಿದ್ದ ಗುರುತು ಅದು. ನನಗೊಬ್ಬಳಿಗೇ ತೋರಿಸಿದ್ದರು. ನಾನಂತೂ ಅದನ್ನು ಕೆತ್ತಿಲ್ಲ. ನಾನು ಕೆತ್ತಿದ್ದ ತಗಡನ್ನೇ ತೆಗೆದು ನೋಡಿದೆ. ಎಡಗೈಯಲ್ಲಿ ಉಳಿ ಹಿಡಿಯುವವರಿಗೆ ಮಾತ್ರ ಬೀಳುವ ವಾರೆ. ಗುರುಗಳು ಎಡಚರು, ನಾನು ಬಲಗೈಯವಳು.

ತಗಡನ್ನು ಯಾರು ಮುಟ್ಟಿದರೆಂದು ಅಚ್ಚಿನವನನ್ನು ಕೇಳಿದೆ.

"ಯಾರು ಮುಟ್ತಾರೆ ಮೇಡಂ? ತಗಡಿಡೋ ಬೀರು ಕೀಲಿ ನಿಮ್ಮ ಹತ್ರಾನೇ ಇದೆಯಲ್ಲ," ಎಂದು ನಕ್ಕ. "ನಿನ್ನೆ ಎಲ್ಲರೂ ಹೋದಮೇಲೂ ನೀವೊಬ್ರೇ ಕೆತ್ತುತ್ತಾ ಕೂತಿದ್ರಿ. ಕೂಗಿದ್ರೂ ತಲೆ ಎತ್ತಲಿಲ್ಲ."

ನಿನ್ನೆ ಕತ್ತಲಾಗುವ ಮೊದಲೇ ನಾನು ಮನೆ ಸೇರಿದ್ದೆ. ಸಾಕ್ಷಿಗೆ ಇರಲಿ ಎಂದು ಈಗ ಅಕ್ಕನನ್ನು ಕೇಳಿದೆ.

"ಎಲ್ಲಿ ಬಂದೆ? ಊಟ ಮುಚ್ಚಿಟ್ಟು ಕಾದು ಕಾದು ಮಲಗಿದೆ ಕಣೇ," ಎಂದಳು.

ಥೂ, ಮತ್ತೆ ಮಸಿ. ಪೆನ್ನಿನದೇನೂ ತಪ್ಪಿಲ್ಲ. ಒದ್ದೆ ಅಕ್ಷರಗಳ ಮೇಲೆ ಅಂಗೈಯ ಅಂಚು ಉಜ್ಜಿಕೊಂಡು ಹೋಗುತ್ತಿದೆ. ಗುರುಗಳ ಕೈಗೂ ಸದಾ ಹೀಗೇ ಮಸಿ ಮೆತ್ತಿರುತ್ತಿತ್ತು.

ನನ್ನ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ.