ಚೀಟಿ ಕಿತ್ತ ಡಬ್ಬಿ

೧೨ ಜುಲೈ ೨೦೧೦, ಸೋಮವಾರ

ಎಲ್ಲಮ್ಮ ತಾಯಿಯ ಫೋಟೊಕ್ಕೆ ಹೂ ಏರಿಸಿದೆ. ಎಂಟು ಗಂಟೆಯ ಗುಳಿಗೆ ನುಂಗಿ ಮಡಗಾಂವಿಗೆ ಹೋದೆ. ಎಚ್‌ಐವಿ ಕ್ಲಿನಿಕ್‌ನಲ್ಲಿ ಈಗ ಬಿಪಿ, ಶುಗರ್ ಕೂಡ ನೋಡುತ್ತಾರೆ. ಮರಿಯಮ ಸಿಸ್ಟರ್ ಬೆರಳು ಚುಚ್ಚಿದರು. ಇನ್ನೂರ ಎಂಬತ್ತು.

“ಫಕೀರವ್ವ, ನಿಮಗ ಶುಗರ್ ಐತ್ರಿ. ಅದರ ಗುಳಗಿನೂ ಇನ್ನ ಇಲ್ಲೇ ಸಿಗ್ತಾವ.”

ನಗು ಬಂತು, ಅಳುವೂ... ಗಂಡ ಸತ್ತ ಮೇಲೆ ಮೂರು ವರ್ಷದಿಂದ ಎಚ್‌ಐವಿ ಗುಳಿಗೆಯನ್ನು ಮನೆಯಲ್ಲಿ ಶುಗರ್ ಗುಳಿಗೆ ಎಂದೇ ಹೇಳಿದ್ದೇನೆ. ಡಬ್ಬಿಯ ಚೀಟಿ ಕಿತ್ತೇ ಒಳಗೆ ತರುವುದು. ಸುಳ್ಳನ್ನು ತಾಯಿ ಖರೇ ಮಾಡಿ ತೋರಿಸಿದಳು.

೧೫ ಜುಲೈ

ಸೊಸೆ ಗೀತಾಂಜಲಿಯ ತಾಯಿ ಸುಂದರವ್ವ ಕಾಣಕೋಣದಿಂದ ಬಂದಿದ್ದಾಳೆ. ಅವಳಿಗೂ ಶುಗರ್. ಬಂದವಳೇ ಕೂಗಿದಳು — “ಗೀತಾ, ನಿಮ್ಮ ಅತ್ತಿ ಚಹಾಕ್ಕ ಸಕ್ರಿ ಹಾಕಬ್ಯಾಡ. ಮೈಯಾಗ ಮೂಟಿಗಟ್ಟಲೆ ಐತಿ!”

“ನಿಮ್ಮದೇನ ಕಡಿಮಿ ಐತೇನ್ರಿ, ಬೀಗತ್ಯಾರ?” ಅಂದೆ. ಭಾಳ ನಕ್ಕೆವು.

೨೭ ಜುಲೈ, ಬೆಳಿಗ್ಗೆ

ಸುಂದರವ್ವನ ಮೈತುಂಬ ಕೆಂಪು ದದ್ದು. ಜ್ವರ. ಏನು ತಿಂದಳೆಂದು ಸೊಸೆಯನ್ನು ಕೇಳಿದೆ.

“ಏನಿಲ್ಲರಿ ಅತ್ತಿ. ಅವ್ವನ ಗುಳಗಿ ತೀರಿದ್ವು. ನಿಮ್ಮ ಡಬ್ಬ್ಯಾಗಿನವ ಕೊಡಾಕತ್ತೇನಿ. ಹತ್ತ ದಿನ ಆತು.”

ಡಬ್ಬಿ ಕಸಿದುಕೊಂಡೆ. “ಇನ್ನ ಕೊಡಬ್ಯಾಡ” ಎಂದಷ್ಟೇ ಅಂದೆ.

ಸುಂದರವ್ವ ಮಲಗಿದಲ್ಲಿಂದಲೇ — “ಗುಳಗಿಗೂ ಜಿಪುಣತನ ಏನ್ರಿ ಬೀಗತ್ಯಾರ?”

ಮಧ್ಯಾಹ್ನ

ಕ್ಲಿನಿಕ್‌ಗೆ ಓಡಿದೆ. ಸಿಸ್ಟರ್ ಗದರಿದರು. “ಈ ಗುಳಗಿ ಒಬ್ಬೊಬ್ಬರಿಗೆ ಆಗಿಬರಂಗಿಲ್ಲ. ಜೀವಕ್ಕ ಅಪಾಯ ಐತಿ. ಏನ ನುಂಗ್ಯಾರಂತ ಡಾಕ್ಟರಿಗೆ ಇವತ್ತೇ ಹೇಳ್ರಿ.”

ಹನ್ನೆರಡನೇ ತಾರೀಖು ಕೊಟ್ಟ ಖರೇ ಶುಗರ್ ಗುಳಿಗೆ ನನ್ನ ಚೀಲದಲ್ಲೇ ಇವೆ. ಅವನ್ನೇ ಡಬ್ಬಿಗೆ ಸುರಿದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ... ತಾಯಿ, ಎಂಥ ಯೋಚನೆ ಕೊಟ್ಟೆ. ಒಳಗೆ ಸುಂದರವ್ವ ನರಳುತ್ತಿದ್ದಾಳೆ.

೨೯ ಜುಲೈ

ಹೇಳಿದೆ. ಮೊನ್ನೆ ಸಂಜೆಯೇ, ಆಸ್ಪತ್ರೆಗೆ ಹೋಗುವಾಗ, ಆಟೊದಲ್ಲೇ. ಸುಂದರವ್ವ ನನ್ನ ಹೆಗಲ ಮೇಲಿನ ತಲೆ ಎತ್ತಿದಳು.

“ನನಗೂ ಅಂಟಿತೇನ್ರಿ ಅದು?”

“ಗುಳಗಿಯಿಂದ ಬರಂಗಿಲ್ಲರಿ.”

ಸೊಸೆ ಅವ್ವನನ್ನು ತನ್ನ ಕಡೆಗೆ ಎಳೆದುಕೊಂಡಳು. ಡಾಕ್ಟರ್ ಗುಳಿಗೆ ನೋಡಿ ಅಡ್ಮಿಟ್ ಮಾಡಿಕೊಂಡರು. ಇವತ್ತು ಜ್ವರ ಇಳಿದಿದೆ. ಎಲ್ಲಮ್ಮ ತಾಯಿಯ ದಯೆ.

೩೧ ಜುಲೈ

ಮಗ ಶಂಕರಲಿಂಗನಿಗೂ ಗೊತ್ತಾಯಿತು. ಉಣ್ಣದೇ ಕೆಲಸಕ್ಕೆ ಹೋದ. ಗೀತಾಂಜಲಿ ರೊಟ್ಟಿ ತಾಟು ತಂದಳು. ಕೈಗೆ ಕೊಡಲಿಲ್ಲ, ನೆಲಕ್ಕಿಟ್ಟಳು. ಆದರೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, ನಾನು ಬರೆಯುವುದನ್ನು ನೋಡುತ್ತಿದ್ದಾಳೆ.

“ಅತ್ತಿ... ಮೂರ ವರ್ಷ ನೀವ ಒಬ್ಬರೇ...” ಅಂದಳು. ಕಣ್ಣು ಎತ್ತಲು ಧೈರ್ಯ ಇಲ್ಲ. ಗೀತಾ ಹತ್ತಿರ ಬಂದು ಕೂತಳು—