ಪೈಲಟ್ ಒಂಬತ್ತು ಸಲ ಆರಿದ್ದು

ಜೂನ್ 3, ಬೆಳಿಗ್ಗೆ 7.10

ಅಡುಗೆಮನೆಯ ಗ್ಯಾಸ್ ಗೀಸರಿನ ಪೈಲಟ್, ಸದಾ ಉರಿಯಬೇಕಾದ ಆ ಪುಟ್ಟ ಜ್ವಾಲೆ, ಮತ್ತೆ ಆರಿದೆ. ಈ ವಾರ ಮೂರನೆಯ ಸಲ. ಗುಂಡಿ ಒತ್ತಿ ಹಿಡಿದು, ಕಡ್ಡಿ ಗೀರಿ, ಮೂವತ್ತರವರೆಗೆ ಎಣಿಸಿದೆ. ಹೊತ್ತಿತು. ಕಿರುಬೆರಳ ಉಗುರಿನಷ್ಟು ನೀಲಿ. ಮಾಟೆ ಚಹಾಕ್ಕೆ ನೀರಿಟ್ಟೆ.

ಅಂಗಳದ ಹುಲ್ಲು ಹೆಪ್ಪುಗಟ್ಟಿದೆ. ತಾಂದಿಲ್‌ನಲ್ಲಿ ಚಳಿಗಾಲ ಶುರುವಾಗುವುದೇ ಜೂನಿನಲ್ಲಿ; ಈ ಸಲ ಚಳಿ ಇನ್ನೂ ಬೇಗ ಬಂತು.

ರಾತ್ರಿ ಸ್ನಾನ ಮಾಡಿ ಮಲಗಿದ ಝುಲೆಮಾ ಅಕ್ಕ ಇನ್ನೂ ಎದ್ದಿಲ್ಲ. ಭಾವ ತೀರಿಕೊಂಡ ಮೇಲೆ, ಏಪ್ರಿಲ್‌ನಲ್ಲಿ, ದೂರದ ದಕ್ಷಿಣದ ರಿಯೋ ಗಾಯೆಗೋಸ್‌ನಿಂದ ಬಂದವಳು. ನಲವತ್ತು ವರ್ಷಗಳ ನಂತರ ಒಂದೇ ಸೂರಿನಡಿ ನಾವಿಬ್ಬರು. ಅವಳಿಗೆ ಪುಸ್ತಕದ ಕೋಣೆ ಬಿಟ್ಟುಕೊಟ್ಟೆ. ಕಪಾಟು ಅಡುಗೆಮನೆಗೆ ಬಂತು. ಗೊಣಗಲಿಲ್ಲ. ಬಾಯಿ ಬಿಟ್ಟು ಗೊಣಗಲಿಲ್ಲ, ಅಷ್ಟೆ.

ಜೂನ್ 5

ನಾಲ್ಕನೆಯ ಸಲ. ಅಕ್ಕನ ಸ್ನಾನ ಮುಗಿದ ಮೇಲೆ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂದಲು ಒಣಗಿಸುತ್ತಿದ್ದಳು.

"ತಲೆ ಭಾರ ಕಣೇ ಇರ್ಮಾ."

"ಒದ್ದೆ ತಲೆಯಲ್ಲಿ ಕೂತರೆ ಇನ್ನೇನಾಗತ್ತೆ?"

"ಡಾಕ್ಟ್ರಮ್ಮ ನೀನು ಹೇಳಿದ ಮೇಲೆ ಮುಗೀತು."

ಕಡ್ಡಿ ಗೀರಿದೆ. ಎಣಿಸಿದೆ.

ಜೂನ್ 9

ಜ್ವಾಲೆಯ ಪಕ್ಕ ನಿಲ್ಲುವ ತಾಮ್ರದ ಕಡ್ಡಿ — ಥರ್ಮೋಕಪಲ್ — ಹಳತಾದರೆ ಗ್ಯಾಸ್ ತಾನಾಗಿ ನಿಲ್ಲುತ್ತದಂತೆ. ಅಂಗಡಿಯಿಂದ ಹೊಸದು ತಂದು ನಾನೇ ಹಾಕಿದೆ. ಎರಡು ಸ್ಕ್ರೂ, ಒಂದು ನಟ್. ಸಂಜೆಯವರೆಗೂ ಉರಿಯಿತು. ಅಕ್ಕ ಸ್ನಾನ ಮಾಡಿದಳು. ಆರಿತು.

ಇನ್ನು ಮೇಲೆ ಬರೆದಿಡುತ್ತೇನೆ. ಯಾರ ಸ್ನಾನ, ಎಷ್ಟು ಹೊತ್ತಿಗೆ.

ಜೂನ್ 14

ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಪಟ್ಟಿ ಬರೆದ ಕೈ. ಇದೂ ಸ್ವಚ್ಛವಾಗಿದೆ. ಹಿಂದಿನವನ್ನೂ ನೆನಪಿನಿಂದ ಸೇರಿಸಿ ಒಟ್ಟು ಒಂಬತ್ತು ಸಲ. ಒಂಬತ್ತೂ ಅಕ್ಕನ ಸ್ನಾನದ ನಂತರ. ನನ್ನದರ ನಂತರ ಒಂದೂ ಇಲ್ಲ.

ಗ್ಯಾಸ್ ಉಳಿಸಲು ಅಮ್ಮ ಸ್ನಾನವಾದ ಕೂಡಲೇ ಪೈಲಟ್ ಆರಿಸುತ್ತಿದ್ದಳು. ಅಕ್ಕನಿಗೂ ಆ ಚಾಳಿ ಬಂದಿರಬೇಕು.

ಊಟದ ಹೊತ್ತಿಗೆ ಪಟ್ಟಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟೆ.

"ಏನಿದು?"

"ನೀನೇ ಓದು."

ಓದಿದಳು. ಕನ್ನಡಕ ತೆಗೆದಳು. "ಅಂದ್ರೆ ನಾನು ಆರಿಸ್ತೀನಿ."

"ಅಮ್ಮನ ಹಾಗೆ. ಗೊತ್ತಿಲ್ಲದೇ ಇರಬಹುದು."

"ಗೊತ್ತಿಲ್ಲದೇ ಯಾಕೆ? ದಿನಾ ಕೇಕಿನ ಮೇಲಿನ ಮೇಣದಬತ್ತಿ ಥರ ಊದಿ, ಚಪ್ಪಾಳೆ ತಟ್ಟಿ ಬರ್ತೀನಿ." ಬೇಳೆ ಸಾರನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಜೂನ್ 16

ಅಕ್ಕ ಬಸ್ ಟಿಕೆಟ್ ತಂದಿದ್ದಾಳೆ. ಇಪ್ಪತ್ತೊಂದನೇ ತಾರೀಕು, ಸಂಜೆ 4.10. ಮಗನ ಮನೆಗೆ. ಅಲ್ಲಿ ಅವಳಿಗಿರುವುದು ನಡುಮನೆಯ ಸೋಫಾ. ಟಿಕೆಟ್ಟನ್ನು ಫ್ರಿಜ್ಜಿನ ಬಾಗಿಲಿಗೆ, ನನ್ನ ಕಣ್ಣಿನ ಎತ್ತರಕ್ಕೇ ಸಿಕ್ಕಿಸಿದಳು. ಸ್ನಾನ ಈಗ ಪಕ್ಕದ ಮನೆಯ ಹಾಯ್ದೆಯವರಲ್ಲಿ.

ಹೋಗಬೇಡ ಎಂದು ಹೇಳಬೇಕಿತ್ತು. "ಕಿಟಕಿ ಪಕ್ಕದ ಸೀಟಾ?" ಎಂದು ಕೇಳಿದೆ.

ಪೈಲಟ್ ಆರಿಲ್ಲ.

ಜೂನ್ 18, ಬೆಳಿಗ್ಗೆ 10

ಇಂದೂ ಆರಿರಲಿಲ್ಲ. ನಾನು ಹೇಳಿದ್ದೇ ನಿಜ ಎಂದುಕೊಂಡೆ. ಖುಷಿಯಾಗಲಿಲ್ಲ.

ಅಕ್ಕ ಪಕ್ಕದ ಮನೆಯಲ್ಲಿದ್ದಳು. ಗಾಳಿ ಜೋರಾಗಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿ ಸ್ನಾನಕ್ಕೆ ಹೋದೆ. ನಾನು ಯಾವಾಗಲೂ ತೆರೆದೇ ಇಡುವವಳು. ಮುಚ್ಚುವುದು ಅಕ್ಕನ ಅಭ್ಯಾಸ. ಅವಳ ಊರಲ್ಲಿ ಬಾಗಿಲು ತೆರೆದಿಟ್ಟರೆ ಗಾಳಿ ಮೇಜಿನ ಬಟ್ಟೆಯನ್ನೇ ಹೊತ್ತೊಯ್ಯುತ್ತದಂತೆ.

ಮೈಗೆ ಸೋಪು ಹಚ್ಚಿದ್ದೆ. ನೀರು ತಣ್ಣಗಾಯಿತು.

ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದೆ. ಪೈಲಟ್ ಆರಿತ್ತು. ಮನೆಯಲ್ಲಿ ನಾನೊಬ್ಬಳೇ. ಸ್ವಲ್ಪ ಹೊತ್ತು ಅಲ್ಲೇ ಕೂತೆ. ತಲೆ ಭಾರವೆನಿಸಿತು.

ಗ್ಯಾಸ್ ರಿಪೇರಿಯ ಬರ್ತೊಲೊತ್ತಿಗೆ ಫೋನ್ ಮಾಡಿದೆ. ನಾಳೆ ಬರುತ್ತಾನೆ.

ಜೂನ್ 19

ಬಂದವನು ಗೀಸರನ್ನು ಮುಟ್ಟಲೇ ಇಲ್ಲ. ಗೋಡೆ ನೋಡಿದ.

"ಕೆಳಗಿನ ಗಾಳಿಕಿಂಡಿ ಎಲ್ಲಿ, ದೊನ್ಯಾ ಇರ್ಮಾ?"

"ಇದೆ."

"ಇದೆ ಅಂತ ನಂಗೂ ಗೊತ್ತು, ಕೊರೆದಿದ್ದೇ ನಾನು. ಎಲ್ಲಿ ಅಂತ ಕೇಳಿದ್ದು."

ಕಪಾಟು ಎಳೆದ. ರಷ್ಯನ್ ಕಾದಂಬರಿಗಳ ಸಾಲಿನ ಹಿಂದೆ, ನೆಲದಿಂದ ಗೇಣೆತ್ತರದಲ್ಲಿ, ಕಿಂಡಿ. ತಣ್ಣನೆಯ ಗಾಳಿ ನೇರ ಕಾಲಿಗೆ ಬಡಿಯಿತು.

"ಬಾಗಿಲು ತೆರೆದಿದ್ರೆ ಆ ಕಡೆಯಿಂದ ಗಾಳಿ ಬರತ್ತೆ. ಮುಚ್ಚಿದ್ರೆ ಎಲ್ಲಿಂದ ಬರಬೇಕು? ವಿಷದ ಹೊಗೆ ಕೊಳವೇಲಿ ಮೇಲೆ ಹೋಗದೆ ಒಳಗೇ ತಿರುಗತ್ತೆ. ಅದು ಗೊತ್ತಾಗಿ ಗೀಸರ್ ತಾನೇ ಆರ್ಕೊಳ್ತಿತ್ತು."

"ಹಾಗಾದರೆ ಅದು ಕೆಟ್ಟಿರಲಿಲ್ಲ."

"ಈ ಮನೇಲಿ ಸರಿಯಾಗಿ ಕೆಲಸ ಮಾಡ್ತಿದ್ದಿದ್ದು ಅದೊಂದೇ. ಆರದೇ ಇದ್ದಿದ್ರೆ ಫೋನ್ ಬರ್ತಿದ್ದಿದ್ದು ನಂಗಲ್ಲ, ಆಂಬ್ಯುಲೆನ್ಸಿಗೆ."

ಅವನು ಹೋದ ಮೇಲೂ ಕಪಾಟು ಅಡುಗೆಮನೆಯ ನಡುವೆಯೇ ನಿಂತಿತ್ತು. ಅಕ್ಕ ತಲೆ ಭಾರ ಅಂದಾಗ ಒದ್ದೆ ತಲೆ ಎಂದಿದ್ದೆ. ಒಂಬತ್ತು ಸಲ ಕಡ್ಡಿ ಗೀರಿದ್ದೆ.

ಜೂನ್ 20

ಹೇಳಬೇಕು. ಬೆಳಿಗ್ಗೆ ಹೇಳಲಿಲ್ಲ.

ಮಧ್ಯಾಹ್ನ ಅಕ್ಕನೇ ಕೇಳಿದಳು. "ಏನಿದು, ಅಡುಗೆಮನೇಲಿ ಮೆರವಣಿಗೆ?"

ಕಿಂಡಿ ತೋರಿಸಿದೆ. ಎಲ್ಲವನ್ನೂ ಹೇಳಿದೆ. ಅವಳ ತಲೆಭಾರದ್ದೂ. ಕೊನೆಗೆ, "ಆರಿಸಿದ್ದು ನೀನಲ್ಲ, ಅಕ್ಕ. ತಪ್ಪು ನನ್ನದು."

ಬಗ್ಗಿ ಕಿಂಡಿಗೆ ಅಂಗೈ ಒಡ್ಡಿದಳು.

"ಪಟ್ಟಿ ಎಲ್ಲಿ?"

ತಂದುಕೊಟ್ಟೆ. ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡಳು. "ಇದು ನನ್ಹತ್ರ ಇರ್ಲಿ. ಮುಂದೆ ಉಪಯೋಗಕ್ಕೆ ಬರತ್ತೆ. ಈ ಕಪಾಟು ಎಲ್ಲಿಡ್ತೀಯ?"

"ಗೊತ್ತಿಲ್ಲ."

"ಆ ಕೋಣೇಲೇ ಇಡು. ನಾಳೆಯಿಂದ ಖಾಲಿ ತಾನೆ?"

ಇಬ್ಬರೂ ಸೇರಿ ತಳ್ಳಿದೆವು. ಮಂಚದ ಪಕ್ಕ ಹಿಡಿಸಿತು. ಮಂಚ ತೆಗೆಯಬೇಕಾಗಲೇ ಇಲ್ಲ. ಇಬ್ಬರೂ ಅದನ್ನು ನೋಡಿದೆವು.

ಜೂನ್ 21, ಮಧ್ಯಾಹ್ನ 3.20

ಸೂಟ್‌ಕೇಸ್ ಬಾಗಿಲ ಬಳಿ ಇದೆ. ಟಿಕೆಟ್ ಫ್ರಿಜ್ಜಿನ ಬಾಗಿಲಲ್ಲೇ. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ. ಐದು ದಿನಗಳ ನಂತರ, ನಮ್ಮ ಮನೆಯಲ್ಲಿ. ಅಡುಗೆಮನೆಯ ಬಾಗಿಲು ಮುಚ್ಚಿಯೇ ಹೋದಳು. ಒಳಗೆ ಕೂತು ಜ್ವಾಲೆ ನೋಡುತ್ತಿದ್ದೇನೆ. ಕಿಂಡಿಯ ಗಾಳಿಗೆ ಪಾದ ಮರಗಟ್ಟಿದೆ. ಇರಲಿ.

3.35

ಉರಿಯುತ್ತಿದೆ. ಅಕ್ಕ ಇನ್ನೂ ಬಂದಿಲ್ಲ. ಬಸ್‌ಸ್ಟ್ಯಾಂಡಿಗೆ ಇಪ್ಪತ್ತು ನಿಮಿಷದ ದಾರಿ.

3.50

ಕೂಗಿದಳು. "ಇರ್ಮಾ, ನೀರು ಚೆನ್ನಾಗಿ ಕಾದಿದೆ ಕಣೇ. ಬಸ್ಸು ಎಷ್ಟು ಗಂಟೆಗೆ?"

"ನೆನಪಿಲ್ಲ ಅಕ್ಕ."

"ಪಟ್ಟಿ ಬರೆಯೋ ನಿಂಗೆ?" ನಗುತ್ತಿದ್ದಾಳೆ. ನೀರು ಇನ್ನೂ ಬೀಳುತ್ತಿದೆ. ಪೈಲಟ್ ಉರಿಯುತ್ತಿದೆ.