ಅಪ್ಪನ ಪಂಚ್

ಅಣ್ಣನಿಗೆ,

ಕಾಗದ ತಲುಪಿತು. ನೀನು ಕ್ಷೇಮ ಕೇಳಿಲ್ಲ, ನಾನೂ ಕೇಳುವುದಿಲ್ಲ.

ಅಪ್ಪನ ಬಂದೂಕು ಬಿಚ್ಚಿ ಎಣ್ಣೆ ಹಾಕಿದೆಯಂತೆ, ಆದರೆ ಭಾಗಗಳನ್ನು ಹಿಡಿದಿಡುವ ರೋಲ್ ಪಿನ್ ಮತ್ತೆ ಕೂರುತ್ತಿಲ್ಲ ಎಂದಿದ್ದೀಯ. ಪಿನ್ ಹೊಡೆದು ಕೂರಿಸುವ ಉಕ್ಕಿನ ಕಡ್ಡಿ, ಆ ಪಂಚ್‌ನ ತುದಿಯಲ್ಲಿದ್ದ ಪುಟ್ಟ ಗಂಟನ್ನು ಅರದಿಂದ ಉಜ್ಜಿ ಸಮ ಮಾಡಿದೆ ಎಂದೂ ಬರೆದಿದ್ದೀಯ. ಆ ಪಿನ್ ಒಳಗೆ ಟೊಳ್ಳು. ಪಂಚ್ ಜಾರದಂತೆ ಅದರ ಬಾಯಲ್ಲಿ ಕೂರುವುದಕ್ಕೇ ಆ ಗಂಟು ಇದ್ದದ್ದು. ಈಗ ಪಿನ್ ನಜ್ಜುಗುಜ್ಜಾಗದೆ ಇನ್ನೇನಾಗುತ್ತದೆ?

ಅಪ್ಪ ತೀರಿಕೊಂಡಾಗ ನಾನು ಕೇಳಿದ್ದು ಆ ಪಂಚ್ ಒಂದನ್ನೇ. "ಮದುವೆಯಾಗಿ ಹೋದವಳಿಗೆ ಇದೆಲ್ಲ ಯಾಕಮ್ಮ?" ಅಂತ ನೀನು ನಕ್ಕೆ. ಅತ್ತಿಗೆಯೂ ನಕ್ಕರು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಆ ಪಿನ್ನುಗಳನ್ನೆಲ್ಲ ಕೂರಿಸುತ್ತಿದ್ದವಳು ನಾನೇ ಎಂದು ಇಬ್ಬರಿಗೂ ಗೊತ್ತಿತ್ತು.

ಈಗ "ನಿನ್ನ ಕೈಗುಣ ಚೆನ್ನಾಗಿದೆ, ಒಂದ್ಸಲ ಬಂದು ಹೋಗು" ಅನ್ನುತ್ತೀಯ. ಬರುವುದಿಲ್ಲ. ಹೊಸ ಪಿನ್ ಕಳಿಸಿದ್ದೇನೆ, ಯಾರಾದರೂ ತಿಳಿದವರ ಹತ್ತಿರ ಹಾಕಿಸಿಕೋ. ಹಳೆಯದರ ಬಿಗಿ ಹೋಗಿದೆ, ಎಸೆದುಬಿಡು.

ಪಂಚ್ ಮಾತ್ರ ನನಗೆ ಕಳಿಸು. ಇನ್ನು ಅದು ಯಾವ ಕೆಲಸಕ್ಕೂ ಬರುವುದಿಲ್ಲ, ಹಾಗಾಗಿ ಕೊಡುವುದಕ್ಕೆ ನಿನಗೂ ಅಡ್ಡಿಯಿರಲಾರದು.

ಮದುವೆಯಾಗಿ ಹೋದ
ನಿನ್ನ ತಂಗಿ